ತಂತಿಗೆ ಹಾಕಬೇಕಾದ ನಗು

ದಿನವಿಡೀ ಮುಖ ಪಟ್ಟ ಪಾಡೆಲ್ಲ ಸಂಜೆ ಮುಖಕ್ಕೆ ಅಂಟಿಸಿ ಸುಲಿಯುವ ಶೀಟ್ ಮಾಸ್ಕಿನ ಮೇಲೆ ಅಚ್ಚಾಗುತ್ತಿತ್ತು. ಮನೆಯವರ ಮಾಸ್ಕುಗಳನ್ನು ಬಟ್ಟೆತಂತಿಗೆ ಒಣಹಾಕುವಾಗ ವಾಗೀಶನ ಅಮ್ಮ ಒಂದೊಂದನ್ನೂ ನೋಡದೆ ಬಿಡುತ್ತಿರಲಿಲ್ಲ.

ಸೀರಿಯಲ್ಲಿಗೆ ಸೆಲೆಕ್ಟ್ ಆದೆ ಎಂದು ವಾಗೀಶ ಅವಳಿಗೆ ಫೋನಿನಲ್ಲೇ ಡೈಲಾಗ್ ಹೊಡೆದಿದ್ದ. ನಿಜಕ್ಕೂ ಅವನನ್ನು ಆಡಿಷನ್ನಿನ ನಡುವೆಯೇ ಹೊರಗೆ ಕಳಿಸಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಬಿಕ್ಕಿಬಿಕ್ಕಿ ಅತ್ತಿದ್ದ.

ಈಗ ಬಚ್ಚಲಲ್ಲಿ ನಿಂತಲ್ಲಿ ನಿಲ್ಲಲಾರದೆ, ಕನ್ನಡಿಗೆ ಹಲ್ಲು ಕಿರಿಯುತ್ತಿದ್ದ. ಅಳುವಿನ ಮೇಲೆ ಸಾಕಷ್ಟು ನಗು ಬಿದ್ದರೆ ಮಾಸ್ಕಿನಲ್ಲಿ ಅದು ಮುಚ್ಚಿಹೋದೀತು.

"ಲೇ ಹೀರೋ, ಕ್ಲೈಮ್ಯಾಕ್ಸ್ ಮುಗೀತೇನೋ? ಮಾಸ್ಕ್ ಕೊಡೋ!" ಅಮ್ಮ ಬಾಗಿಲು ಬಡಿದಳು.

"ನನ್ ಎಂಟ್ರಿ ಯಾವತ್ತಿದ್ರೂ ಸ್ಲೋ ಮೋಷನ್ನೇ ಅಮ್ಮಾ!"

ಕೆನ್ನೆ ನೋಯುವಷ್ಟು ನಕ್ಕು, ಮಾಸ್ಕ್ ಹಾಕಿ, ಸುಲಿದು ಕೊಟ್ಟ. ಅದರ ತುಂಬ ಬರೀ ನಗು.

ಅಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ, ಕೈಲಿದ್ದ ಕ್ಲಿಪ್ಪು ಕೆಳಗಿಟ್ಟಳು.

"ಇಷ್ಟೊಂದು ನಕ್ಕಿದೀಯಲ್ಲೋ ಕಂದಾ... ಯಾರೋ ನಿನ್ನ ಅಳ್ಸಿದ್ದು?"