ಪಿಪಿ ಸಾಹೇಬರ ದನಿ

ಆಡಿಯೊ ಬೆಳಿಗ್ಗೆ ಎಂಟಕ್ಕೆ ಸಿಂಧನೂರಿನ ವಾಟ್ಸಾಪ್ ಗುಂಪುಗಳಿಗೆ ಬಂತು. ಒಂಬತ್ತಕ್ಕೆ ಮಸ್ಕಿಗೆ. ಹತ್ತೂವರೆಗೆ ಪಿಪಿ, ಅಂದರೆ ಸರ್ಕಾರಿ ವಕೀಲ, ಅಮರಗುಂಡಪ್ಪ ಲಿಂಗಸುಗೂರಿನ ಕೋರ್ಟಿಗೆ ಬಂದಾಗ ಕ್ಯಾಂಟೀನಿನೊಳಗೆ ಅವನದೇ ದನಿ ಕೇಳುತ್ತಿತ್ತು.

"ಯಾವ ಕೇಸ್‌ರಿ? ಪೂರಾ ಹೇಳ್ರಿ."

"ಅದ ರೀ ಸಾಹೇಬ್ರ, ಗ್ಯಾಂಗ್‌ಮನ್ ಬಸ್ಸಪ್ಪಂದು. ವಾಪಸ್ ತಗೊಳ್ರಿ, ರಾಯಚೂರಿನ ದೊಡ್ಡ ಹುದ್ದೆ ನಿಮಗ. ಯಜಮಾನ್ರು ಮಾತು ಕೊಟ್ಟಾರ."

"ಯಾವ ಯಜಮಾನ್ರು? ಹೆಸರು ಹೇಳ್ರಿ."

ಕ್ಯಾಂಟೀನು ನಕ್ಕಿತು. "ಲೇ, ಇಷ್ಟು ವಿಚಾರಣೆ ಮಾಡಿ ಮಾರ್ಕೊಳ್ಳೋ ವಕೀಲನ್ನ ಇವತ್ತ ನೋಡಿದ್ದು ನೋಡು!"

ಗ್ಯಾಂಗ್‌ಮನ್ ಬಸ್ಸಪ್ಪ ನೀರಾವರಿ ಕಾಲುವೆ ಕಾಯುತ್ತಿದ್ದವನು. ನೀರಿನ ಪಾಳಿ ತಪ್ಪಿಸಿ ತೂಬು ಎತ್ತಲು ಒಪ್ಪಲಿಲ್ಲ. ಮುಖಂಡರೊಬ್ಬರ ಮಗ ಅವನ ಮೇಲೆ ಜೀಪು ಹತ್ತಿಸಿ ಕೊಂದ. ಎರಡು ವರ್ಷದ ನಂತರ, ಕೇಸು ಕೈಬಿಡಿ ಎಂದು ಮೇಲಿನಿಂದ ಸೂಚನೆ ಬಂತು. ಮೇಲಿನವರು ಏನೇ ಹೇಳಲಿ, ಕೋರ್ಟಿಗೆ ಅರ್ಜಿ ಹಾಕಬೇಕಾದವನು ಸರ್ಕಾರಿ ವಕೀಲ. ಸ್ವಂತ ವಿವೇಚನೆಯಿಂದಲೇ ಕೈಬಿಡುತ್ತಿದ್ದೇನೆ ಎಂದು ಬರೆದು ಅವನೇ ಸಹಿ ಮಾಡಬೇಕು. ಹಿಂದಿದ್ದ ಶಿವಕುಮಾರಿ ಮೇಡಂ ಒಲ್ಲೆ ಎಂದರು. ಎಂಟೇ ದಿನಕ್ಕೆ ಅವರ ಹುದ್ದೆ ಹೋಯಿತು. ಆ ಜಾಗಕ್ಕೆ ಬಂದ ಅಮರಗುಂಡಪ್ಪ ಮಾತಿಲ್ಲದೆ ಸಹಿ ಹಾಕಿದ. ಅರ್ಜಿಯ ವಿಚಾರಣೆ ಇದ್ದದ್ದು ಆಡಿಯೊ ಬಂದ ದಿನವೇ.

"ಈ ಧ್ವನಿ ನಿಮ್ಮದೇ?" ಆಡಿಯೊ ಆಲಿಸಿದ ನ್ಯಾಯಾಧೀಶರು ಕೇಳಿದರು.

ಕಂಪ್ಯೂಟರಿನಲ್ಲಿ ಯಾರೋ ಮಾಡಿದ್ದು ಎನ್ನುತ್ತಾನೆಂದು ಎಲ್ಲರೂ ಕಾದರು.

"ನನ್ನದೇ ಸ್ವಾಮಿ."

ಅರ್ಜಿ ವಜಾ ಆಯಿತು. ಸಂಜೆಗೆ ಹುದ್ದೆಯೂ ಹೋಯಿತು.

ಅವನ ಗುಮಾಸ್ತ ವೀರೇಶನ ಮೇಲೆ ಎಲ್ಲರ ಕಣ್ಣು. "ಬಸವಣ್ಣನಾಣಿ ರೀ ಸರ್, ರೆಕಾರ್ಡ್ ಮಾಡಿದ್ದು ನಾ ಅಲ್ಲ."

"ಗೊತ್ತೈತಿ ಬಿಡಪ್ಪಾ."

ಮರುದಿನದಿಂದ ವೀರೇಶನೂ ಬರಲಿಲ್ಲ. ವಕೀಲರ ಕೋಣೆಯಲ್ಲಿ ಅಮರಗುಂಡಪ್ಪ ಕೂತ ಬೆಂಚು ಖಾಲಿಯಾಗುತ್ತಿತ್ತು. ಒಂದು ವಾರ ಕೂತ. ಆಮೇಲೆ ಹೋಗುವುದನ್ನೇ ಬಿಟ್ಟ.

ಮಸ್ಕಿಯ ಮನೆಯಲ್ಲಿ ಹೆಂಡತಿ ಕಲ್ಯಾಣಮ್ಮ ಎದುರು ನಿಂತಳು. "ಒಮ್ಮೆ, 'ನಾ ಹಂತಾವಲ್ಲ' ಅನ್ರಿ. ಲೋಕಕ್ಕ ಬ್ಯಾಡ, ನನಗಷ್ಟ ಹೇಳ್ರಿ. ನಂಬ್ತೀನಿ."

"ಸಹಿ ನಂದ ಐತಲ್ಲ."

"ಅಂಬಿಕಾ ಸಾಲಿಗೆ ಹೋಗಾಕ ಒಲ್ಲೆ ಅನ್ನಾಕತ್ಯಾಳ. ಹುಡುಗ್ರು ಆ ಆಡಿಯೊ ಅಣಕ ಮಾಡ್ತಾರಂತ."

ಕಲ್ಯಾಣಮ್ಮ ಮಗಳನ್ನು ಕರೆದುಕೊಂಡು ತವರು ಮುದಗಲ್ಲಿಗೆ ಹೋದಳು.

ಅನ್ನದ ಅಳತೆ ಅವನಿಗೆ ಗೊತ್ತಿರಲಿಲ್ಲ. ಮೂವರಿಗಾಗುವಷ್ಟು ಬೇಯಿಸಿ ಎರಡು ದಿನ ತಿನ್ನುತ್ತಿದ್ದ. ಮೊಬೈಲು ಅಪರೂಪಕ್ಕೆ ಸದ್ದು ಮಾಡಿದರೆ ಅದು ಕಂಪನಿಯ ಜಾಹೀರಾತು. ಅದನ್ನೂ ಪೂರ್ತಿ ಕೇಳುತ್ತಿದ್ದ.

ಊರೆಲ್ಲ ಕಣ್ಣಿಟ್ಟ ಕೇಸನ್ನು ಮತ್ತೆ ಕೈಬಿಡಿಸಲು ಯಾರಿಗೂ ಧೈರ್ಯ ಬರಲಿಲ್ಲ. ಹೊಸ ಸರ್ಕಾರಿ ವಕೀಲರು ನಡೆಸಿದರು. ಹದಿನಾಲ್ಕು ತಿಂಗಳಿಗೆ ತೀರ್ಪು ಬಂತು: ಮುಖಂಡರ ಮಗನಿಗೆ ಜೀವಾವಧಿ.

ಹಿಂದಿನ ಸಾಲಿನಲ್ಲಿ ಕೂತಿದ್ದ ಅಮರಗುಂಡಪ್ಪ ಹೊರಬಂದಾಗ ಬಸ್ಸಪ್ಪನ ಹೆಂಡತಿ ಕರೆಮ್ಮ ಅಡ್ಡ ನಿಂತಳು.

"ನಿಮ್ಮ ಕೈಯಾಗ ಬಿಟ್ಟಿದ್ರ ನನ್ನ ಗಂಡ ಎರಡನೇ ಸಲ ಸಾಯ್ತಿದ್ದ ರೀ. ನಿಮ್ಮಂಥಾವ್ರು ಇದ್ರೂ ನ್ಯಾಯ ಸಿಕ್ತು ನೋಡ್ರಿ."

"ಸಿಕ್ತವ್ವ," ಎಂದ. ಅವಳು ಪಕ್ಕಕ್ಕೆ ಉಗುಳಿ ನಡೆದಳು.

ಗೇಟಿನ ಬಳಿ ಆರೋಪಿಯ ವಕೀಲ ಪತ್ರಕರ್ತರಿಗೆ ಹೇಳುತ್ತಿದ್ದ. "ಹೈಕೋರ್ಟಿಗೆ ಹೋಗ್ತೀವಿ. ಆಡಿಯೊ ಬಿಟ್ಟಾವ ಸಿಕ್ರ ಸಾಕು, ಇಡೀ ಕೇಸ್ ಪಿತೂರಿ ಅಂತ ತೋರಸ್ತೀವಿ."

ಬಸ್ ನಿಲ್ದಾಣದಲ್ಲಿ ಮೊಬೈಲು ಸದ್ದು ಮಾಡಿತು. ಕಲ್ಯಾಣಮ್ಮ.

"ತೀರ್ಪು ಆತಂತ. ಇನ್ನರ ಏನಾರ ಹೇಳೋದೈತೇನು ನನಗ?"

ಮುದಗಲ್ ಬಸ್ಸು ಎದುರಿಗೇ ನಿಂತಿತ್ತು. ಕಂಡಕ್ಟರ್ ಕೂಗುತ್ತಿದ್ದ.

"ಏನಿಲ್ಲ," ಎಂದ.

ಕೇಸು ಉಳಿಸಲೆಂದೇ ಆ ಆಡಿಯೊ ರೆಕಾರ್ಡ್ ಮಾಡಿ ಊರಿಗೆ ಹರಿಬಿಟ್ಟವನು ತಾನೇ ಎಂದು, ಅಪೀಲು ಮುಗಿಯುವವರೆಗೂ, ಅವನು ಹೆಂಡತಿಗೂ ಹೇಳುವಂತಿರಲಿಲ್ಲ.