ಇಬ್ಬನಿ ಆರುವ ತನಕ

"ಇದ್ಕೆ ನಾನು ಸಹಿ ಹಾಕಲ್ಲ" ಎಂದು ರೇಣುಕಾಪ್ರಸಾದ್ ಮಗಳ ಅರ್ಜಿಯನ್ನು ಹೊಗೆಸೊಪ್ಪಿನ ರಾಶಿಯ ಮೇಲೆ ಎಸೆದ. ಹೊಗೆಸೊಪ್ಪನ್ನು ಕಾವಿಗೆ ಒಣಗಿಸುವ ಬ್ಯಾರನ್ ಮುಂದಿನ ಚಪ್ಪರದಡಿ ಕೂತು ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದ ಅವನ ತಾಯಿ ಶಿವನಂಜಮ್ಮ ಕೈ ನಿಲ್ಲಿಸಿದಳು. ಮೊಮ್ಮಗಳು ಮಧುಶ್ರೀ ಹತ್ತನೇ ಕ್ಲಾಸು. ಮೈಸೂರಿನಲ್ಲಿ ನಡೆಯುವ ವಿಜ್ಞಾನ ಶಿಬಿರಕ್ಕೆ ಶಾಲೆಯಿಂದ ಒಬ್ಬರನ್ನೇ ಕಳಿಸುತ್ತಾರೆ; ಮೇಷ್ಟ್ರು ಇವಳ ಹೆಸರು ಬರೆದುಕೊಂಡಿದ್ದರು. ನಾಳೆ ಅರ್ಜಿ ಮುಟ್ಟದಿದ್ದರೆ ಆ ಜಾಗ ಇನ್ನೊಬ್ಬರಿಗೆ.

"ಅಂಥಾದ್ದೇನ್ಲಾ ಬರ್ದವ್ಳೆ?"

"ನೀನೇ ಕೇಳವ್ವ. ಓದಮ್ಮಿ, ನಿಮ್ಮಜ್ಜಿಗೂ ಓದಿ ಹೇಳು, ಖುಷಿಪಡ್ಲಿ."

ಮಧುಶ್ರೀ ಅರ್ಜಿಯನ್ನು ಎತ್ತಿಕೊಂಡು ಕೊಡವಿದಳು. ಪಾಠ ಒಪ್ಪಿಸುವವಳ ಹಾಗೆ ನೆಟ್ಟಗೆ ನಿಂತು ಓದಿದಳು. "ಇಷ್ಟದ ವಿಷಯ: ಜೀವಶಾಸ್ತ್ರ. ಊರಿಗಾಗಿ ಮಾಡಿದ ಕೆಲಸ: ಒದ್ದೆ ಹೊಗೆಸೊಪ್ಪು ಮುಟ್ಟಿದರೆ ಅದರ ನಿಕೋಟಿನ್ ಚರ್ಮದೊಳಕ್ಕೆ ಇಳಿಯುತ್ತದೆ. ಸೊಪ್ಪು ಮುರಿಯುವವರಿಗೆ ತಲೆಸುತ್ತು, ವಾಂತಿ ಬರುವುದು ಅದರಿಂದ. ಇದನ್ನು ತಿಳಿಸಿ ಹೇಳಿ, ಇಬ್ಬನಿ ಆರುವ ತನಕ ಹೊಲಕ್ಕೆ ಇಳಿಯದಂತೆ ನಮ್ಮೂರಿನ ಹದಿನೇಳು ಹೆಂಗಸರನ್ನು ಒಪ್ಪಿಸಿದ್ದೇನೆ. ಮುಂದಿನ ಗುರಿ: ಡಾಕ್ಟರಾಗಿ ಹಾರನಹಳ್ಳಿ ಹೋಬಳಿಗೇ ವಾಪಸು ಬರುವುದು."

"ಕೇಳಿದ್ಯಾ?" ಎಂದ ರೇಣುಕಾಪ್ರಸಾದ್. "ನಮ್ಮಪ್ಪನ ಹೊಲದಲ್ಲಿ ಆಳುಗಳು ಕಕ್ಕೋತಾರೆ ಅಂತ ಮೈಸೂರಿಗೆಲ್ಲ ಸಾರಾಕೆ ಹೊಂಟವ್ಳೆ. ಇವಳ ಮಾತು ಕೇಳ್ಕೊಂಡು ಅವರು ಒಂಬತ್ತು ಗಂಟೆಗೆ ಬಂದ್ರೆ ಬ್ಯಾರನ್ ತುಂಬೋದು ಯಾವಾಗ? ಸಸಿ ನೆಟ್ಟೆ, ಶಾಲೆ ಗುಡಿಸ್ದೆ ಅಂತ ಬರಿಯಮ್ಮಿ. ಎಲ್ರೂ ಅದನ್ನೇ ಬರ್ಯೋದು."

"ನಾನು ನೆಟ್ಟ ಸಸಿ ಮೂರನೇ ದಿನಕ್ಕೇ ಮೇಕೆ ತಿಂತು ಅಪ್ಪಾಜಿ. ಸುಳ್ಳು ಬರ್ಯಲ್ಲ."

"ಈ ಸೊಪ್ಪೇ ಕಣೇ ನಿನ್ನ ಓದಿಸ್ತಿರೋದು!"

"ಗೊತ್ತು. ಬೆಳೀಬೇಡಿ ಅಂದ್ನಾ? ಎರಡು ಗಂಟೆ ತಡೀರಿ ಅಂದೆ."

ಶಿವನಂಜಮ್ಮನಿಗೆ ಮೊಮ್ಮಗಳ ಗಟ್ಟಿತನ ಒಳಗೊಳಗೇ ಹಿಡಿಸಿತು. ಆದರೂ ಮನೆಯ ನೆಮ್ಮದಿ ಮುಖ್ಯವೆಂದುಕೊಂಡು ಹೇಳಿದಳು: "ನಾವೂ ಇಬ್ಬನೀಲೇ ಮುರ್ಕೊಂಡು ಬಂದೋರಲ್ವಾ ಮಗ? ವಾಂತಿ ಆದ್ರೆ ಗಾಳಿ ಸೋಕ್ಯದೆ ಅಂತ ನಿವಾಳಿಸಿ ಹಾಕ್ತಿದ್ವಿ. ಸಸಿ ಅಂತ್ಲೇ ಬರ್ದ್‌ಬುಡು, ಅತ್ಲಾಗೆ."

ಮಧುಶ್ರೀ ಅಜ್ಜಿಯ ಕಡೆಗೆ ತಿರುಗಿದಳು. "ಅಜ್ಜಿ, ಸಾಯಂಕಾಲ ಲಿಂಗಪೂಜೆಗೆ ಮುಂಚೆ ಟೊಮೇಟೊ ಕಾಯಿ ಹಿಚುಕಿ ಅಷ್ಟೊತ್ತು ಕೈ ಉಜ್ತೀಯಲ್ಲ, ಯಾಕೆ?"

"ಇದೇನು ಕೇಳ್ತೀಯ? ಈ ಕರೀ ಅಂಟಿನ ಕೈಯಲ್ಲಿ ಶಿವನ್ನ ಮುಟ್ಟಾಕಾಯ್ತದಾ?"

"ಮಧ್ಯಾಹ್ನ ಅದೇ ಕೈಯಲ್ಲಿ ಇಲ್ಲೇ ಕೂತು ಮುದ್ದೆ ಮುರೀತೀಯಲ್ಲ. ಲಿಂಗಕ್ಕೆ ಆಗದೆ ಇರೋದು ಹೊಟ್ಟೆಗೆ ಆಯ್ತದಾ?"

"ಬಾಯಿ ನೋಡು ಇದರದ್ದು!" ಎಂದು ರೇಣುಕಾಪ್ರಸಾದ್ ಕಡ್ಡಿಗಳ ಹೊರೆಯನ್ನು ದಡಾರನೆ ಇಳಿಸಿದ.

ಶಿವನಂಜಮ್ಮ ಅಂಗೈ ನೋಡಿಕೊಂಡಳು. ನಾಲ್ಕು ವರ್ಷದ ಕೆಳಗೆ, ಇದೇ ಚಪ್ಪರದ ಕಂಬ ಹಿಡಿದು ಸೊಸೆ, ಮಧುಶ್ರೀಯ ತಾಯಿ, ವಾಂತಿ ಮಾಡಿಕೊಳ್ಳುತ್ತಿದ್ದಾಗ, "ಸೊಪ್ಪು ಕಂಡ್ರೆ ಸಾಕು, ಇವಳಿಗೆ ಮೈಗಳ್ಳತನ ಹತ್ಕೊತದೆ" ಎಂದಿದ್ದಳು. ಕೂಲಿ ಹೆಂಗಸರೆಲ್ಲ ನಕ್ಕಿದ್ದರು. ಸೊಸೆ ಬಾಯಿ ತೊಳೆದುಕೊಂಡು, ಮಾರನೆಯ ದಿನ ಎಲ್ಲರಿಗಿಂತ ಮೊದಲು ಇಬ್ಬನಿಯಲ್ಲಿ ಇಳಿದಳು. ಕಳೆದ ಕಾರ್ತೀಕದಲ್ಲಿ ಬೇರೇನೋ ಜ್ವರ ಬಂದು ತೀರಿಹೋದಳು. ಅದಕ್ಕೂ ಸೊಪ್ಪಿಗೂ ಸಂಬಂಧವಿಲ್ಲವೆಂದು ಡಾಕ್ಟರೇ ಹೇಳಿದರು. ಆದರೆ ಆಡಿದ ಮಾತು ಉಳಿದುಕೊಂಡಿತು. ಅಂದಿನಿಂದ ಶಿವನಂಜಮ್ಮ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡಾಗಲೆಲ್ಲ ಕಣ್ಣು ಮುಚ್ಚಿ ಆ ಒಂದು ಮಾತಿಗೆ ತಪ್ಪಾಯಿತು ಎನ್ನುತ್ತಿದ್ದಳು.

"ಎಲ್ಲಿ ಹಾಕ್ಬೇಕು ಸಹಿ?" ಎಂದಳು.

"ಅವ್ವಾ!"

"ನೀನು ಸುಮ್ಕಿರ್ಲಾ. ಅಪ್ಪನೇ ಹಾಕ್ಬೇಕು ಅಂತ ಅದ್ಯೇನಮ್ಮಿ ಅದ್ರಲ್ಲಿ?"

"ಪೋಷಕರು ಅಂತ ಅದೆ ಅಜ್ಜಿ."

"ಇವಳಿಗೆ ಉಣ್ಣಾಕಿಕ್ಕೋಳು ನಾನು. ನಾನೇ ಪೋಷಕರು. ಒಂದಕ್ಷರ ತಿದ್ದಿದ್ಯೋ ಅಮ್ಮಿ, ನಿನಗೆ ಇಕ್ಕಾಕಿಲ್ಲ ನೋಡು."

ಮಧುಶ್ರೀ ಪೆನ್ನಿನ ಜೊತೆಗೆ ಕೈ ಒರೆಸಿಕೊಳ್ಳಲು ಒದ್ದೆ ಬಟ್ಟೆಯನ್ನೂ ಹಿಡಿದಳು. ಶಿವನಂಜಮ್ಮ ಎರಡನ್ನೂ ಪಕ್ಕಕ್ಕೆ ಸರಿಸಿದಳು.

"ಸಹಿ ಮಾಡಾಕೆ ಬತ್ತದಲ್ಲ ಅಜ್ಜಿ ನಿಂಗೆ? ಅವ್ವ ಕಲಿಸಿದ್ಲಲ್ಲ, ಸ್ಲೇಟಿನ ಮೇಲೆ?"

"ಬತ್ತದೆ. ಆ ಮೈಸೂರಿನ ದೊಡ್ಡ ಮನುಷ್ಯರು ಸಹಿ ಬೇಕಾದಷ್ಟು ನೋಡವ್ರೆ. ಇದನ್ನೂ ನೋಡ್ಲಿ."

ಬೆಳಗಿನಿಂದ ಸೊಪ್ಪು ಹಿಡಿದು ಕಪ್ಪುಗಟ್ಟಿದ್ದ ಹೆಬ್ಬೆರಳನ್ನು 'ಪೋಷಕರ ಸಹಿ' ಎಂದಿದ್ದ ಜಾಗದಲ್ಲಿ ಊರಿ ಒತ್ತಿದಳು. ಕೈ ಎತ್ತಿದರೆ ಅರ್ಜಿಯೂ ಬೆರಳಿಗೆ ಅಂಟಿಕೊಂಡು ಮೇಲೆ ಬಂತು. ಹರಿಯದ ಹಾಗೆ ಎರಡು ಮೂಲೆ ಹಿಡಿದು, ಮಧುಶ್ರೀ ಅದನ್ನು ಮೆಲ್ಲಗೆ ಬಿಡಿಸಿಕೊಳ್ಳಬೇಕಾಯಿತು.