ಮೇಲಿನ ಎರಡು ಸಾಲು

ಸಿಪಾಯಿ ಕುದುರೆಯಿಂದ ಇಳಿಯಲೂ ಇಲ್ಲ. ಭರ್ಜಿಯ ಬುಡದಿಂದ ಮೈಲಿಗಲ್ಲನ್ನು ಕುಟ್ಟಿ, "ಮೇಲಿನ ಎರಡು ಸಾಲು ಹೊಡೆದುಹಾಕು, ಮುದುಕಾ. ಹೊಸದು ಈ ಹಲಗೆ ಮೇಲೆ ಬರೆದಿದೆ. ಹೊತ್ತು ಮುಳುಗೋದ್ರೊಳಗೆ ಆಗ್ಬೇಕು" ಎಂದ.

ಮೇಲಿನ ಎರಡು ಸಾಲೆಂದರೆ ರೋಮಿನ ಚಕ್ರವರ್ತಿಯ ಹೆಸರು. ಕಾಯಿಲೆ ಬಂದು ಸತ್ತ ಚಕ್ರವರ್ತಿಯ ಹೆಸರನ್ನು ಯಾರೂ ಹೊಡೆಸುವುದಿಲ್ಲ. ಚಕ್ರವರ್ತಿಯನ್ನು ಕೊಂದವನು ಪಟ್ಟಕ್ಕೆ ಬಂದರೆ ಮಾತ್ರ ಹೊಡೆಸುತ್ತಾನೆ. ಕಲ್ಲುಕುಟಿಗ ಮಾನೆಸ್ ಈ ದಾರಿಯಲ್ಲಿ ಅಂಥ ಎರಡು ಹೆಸರು ಹೊಡೆದಿದ್ದ. ಮಗ ಮೇಯ್ರೋಸ್ ಆಗ ಮನೆಯಲ್ಲಿದ್ದ. ಈಗ ಈ ಕಲ್ಲಿನ ಮೇಲೆ ಹೆಸರಿದ್ದ ಚಕ್ರವರ್ತಿಯ ಡೇರೆ ಕಾಯುವ ಪಡೆಯಲ್ಲಿದ್ದ.

"ದಣಿ, ಅವರ ಡೇರೆ ಕಾಯೋ ಹುಡುಗ್ರು...?"

"ಡೇರೆ ಕಾಯೋರು ಬಾಗಿಲಲ್ಲೇ ನಿಂತಿರ್ತಾರಲ್ಲಯ್ಯಾ." ಸಿಪಾಯಿ ಮುಖ ಅತ್ತ ತಿರುಗಿಸಿದ. "ಈ ಸಲ ಇಷ್ಟು ಆಳಕ್ಕೆ ಕೆತ್ತಬೇಡ. ಆಮೇಲೆ ನೀನೇ ಒದ್ದಾಡ್ತೀಯ."

ಆಳಕ್ಕೆ ಕೆತ್ತಿದ್ದೇನೋ ನಿಜ. ಮಗ ಪಡೆ ಸೇರಿದ ವರ್ಷ, ನೂರು ಮಳೆಗಾಲಕ್ಕೂ ಮಾಸಬಾರದೆಂದು ಕೆತ್ತಿದ್ದ. ಈಗ ಒಂದೊಂದು ಅಕ್ಷರಕ್ಕೂ ಹತ್ತತ್ತು ಏಟು ಬೇಕಾಯಿತು.

ಮಧ್ಯಾಹ್ನ ಹೆಂಡತಿ ಅಮ್ಮಿಯಾ ಜವೆರೊಟ್ಟಿ, ಈರುಳ್ಳಿ ಕಟ್ಟಿಕೊಂಡು ಬಂದಳು. ಅವಳಿಗೆ ಓದು ಬಾರದು. ಆದರೂ ಸೌದೆಗೆ ಹೋಗುವಾಗೆಲ್ಲ, ಮಗ ಕಾಯುವ ದೊರೆಯದೆಂದು, ಆ ಹೆಸರಿನ ಮೇಲೆ ಬೆರಳಾಡಿಸಿ, ಬೆರಳನ್ನು ತುಟಿಗೆ ಒತ್ತಿಕೊಂಡು ಮುಂದೆ ಹೋಗುತ್ತಿದ್ದಳು.

"ಇದೇನ್ ಮಾಡ್ತಿದೀರಿ?"

"ಕಲ್ಲು ಮುಕ್ಕಾಗಿತ್ತು ಕಣೆ. ಸರಿ ಮಾಡ್ತಿದೀನಿ."

"ಮೂವತ್ತು ವರ್ಷ ಕಲ್ಲುಕುಟಿಗನ ಜೊತೆ ಬಾಳಿದೀನಿ. ಮುಕ್ಕಾದ ಕಲ್ಲು ಯಾವುದು, ಮುಕ್ಕು ಮಾಡಿದ್ದು ಯಾವುದು, ನಂಗೆ ಗೊತ್ತಾಗಲ್ವಾ?"

ಅವಳು ಹತ್ತಿರ ಬಂದು ಕೈಯಾಡಿಸಿದಳು. ಬೆರಳಿಗೆ ಅಕ್ಷರ ಸಿಗಲಿಲ್ಲ, ಬರೀ ಹುಡಿ ಹತ್ತಿತು. ಕೈ ಒರೆಸಿಕೊಳ್ಳದೆ ದಾರಿಯ ಅಂಚಿನಲ್ಲಿ ಕುಕ್ಕರಿಸಿದಳು. ಅಳಲಿಲ್ಲ. ಕುದುರೆ ಇಳಿದು ಮರದ ನೆರಳಿನಲ್ಲಿ ಒರಗಿದ್ದ ಸಿಪಾಯಿ ಕೆಮ್ಮಿದ. ಮಾನೆಸ್ ಮತ್ತೆ ಉಳಿ ಹಿಡಿದ.

ಹೊತ್ತು ಇಳಿಯುವಾಗ ಕೆಲಸ ಮುಗಿಯಿತು. ಸಿಪಾಯಿ ಹಲಗೆಯನ್ನು ಒಮ್ಮೆ, ಕಲ್ಲನ್ನು ಒಮ್ಮೆ ನೋಡಿ ಮುಂದಿನ ಮೈಲಿಗಲ್ಲಿನತ್ತ ಹೊರಟ.

"ಹೊಸಬನ ಹೆಸರೇನು?" ಅಮ್ಮಿಯಾ ಕೇಳಿದಳು.

ಮಾನೆಸ್ ಒಂದೊಂದೇ ಅಕ್ಷರ ತೋರಿಸುತ್ತ ಓದಿ ಹೇಳಿದ.

ಅವಳು ಕಲ್ಲಿನತ್ತ ತಿರುಗಿದಳು. "ಇವನ ಹಿಂದೆ," ಎಂದಳು, "ಯಾರ್ಯಾರ ಮಕ್ಕಳು ಹೋಗಿದಾರೋ."